ಎಂಟು ಬೆರಳಿನ ಸನ್‌ಸ್ಕ್ರೀನ್

"ನಾಳೆಯಿಂದ ನನ್ನ ಮೈಮೇಲೆ ಸೂರ್ಯನ ಆಟ ನಡೆಯೋದಿಲ್ಲ!" ಎಂದು ಡ್ರೈವಿಂಗ್ ಮೇಷ್ಟ್ರು ಕನ್ನಡಿಯೆದುರು ನಿಂತು ಘೋಷಿಸಿದರು.

ಕಾರಣವಿತ್ತು. ಇಪ್ಪತ್ತೆರಡು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತೂ ಕೂತೂ, ಕಿಟಕಿ ಕಡೆಯ ಕೈ ಕರ್ರಗಾಗಿತ್ತು. ಇನ್ನೊಂದು ಕೈ ಹುಟ್ಟಿದಾಗಿನ ಬಣ್ಣದಲ್ಲೇ ಇತ್ತು. ಹೆಂಡತಿ ಎರಡನ್ನೂ ಜೋಡಿಸಿ ನೋಡಿ, "ಎರಡೂ ನಿಮ್ಮವೇ ಏನ್ರೀ? ಒಂದನ್ನ ಎಲ್ಲಾದ್ರೂ ಅದಲುಬದಲು ಮಾಡ್ಕೊಂಡು ಬಂದಿದೀರಾ?" ಎಂದಿದ್ದಳು.

ಮೇಷ್ಟ್ರು ನೇರ ಔಷಧಿ ಅಂಗಡಿಗೆ ನಡೆದರು. ಅಂಗಡಿಯಾಕೆ ಸನ್‌ಸ್ಕ್ರೀನಿನ ಎರಡು ಟ್ಯೂಬು ಮುಂದಿಟ್ಟು, "ಇದು ಮೂವತ್ತು, ಇದು ಐವತ್ತು" ಎಂದಳು.

"ಊರೊಳಗೆ ಮೂವತ್ತು ದಾಟಬಾರದಮ್ಮ!"

"ಸರ್, ಅದು ಸ್ಪೀಡಲ್ಲ! ಚರ್ಮಕ್ಕೆ ಎಷ್ಟು ರಕ್ಷಣೆ ಅನ್ನೋ ಲೆಕ್ಕ."

ಮೇಷ್ಟ್ರಿಗೆ ಕುತೂಹಲ ಕೆರಳಿತು. ಮೋಡವಿದ್ದರೂ ಹಚ್ಚಬೇಕೆ? ಬೆವರಿದರೆ ಹೋಗುತ್ತದೆಯೇ? ಕಿವಿಗೂ ಬೇಕೆ? ಹಿಂದೆ ನಿಂತಿದ್ದ ನಾಲ್ಕು ಗಿರಾಕಿಗಳು ಬೇರೆ ಅಂಗಡಿಗೆ ಹೋದರು. ಕೊನೆಗೆ ಆಕೆ, "ನಂಬರಿಗಿಂತ ಎಷ್ಟು ಹಚ್ತೀರಿ ಅನ್ನೋದು ಮುಖ್ಯ ಸರ್. ಮುಖಕ್ಕೂ ಕತ್ತಿಗೂ ಸೇರಿ ಎರಡು ಬೆರಳುದ್ದ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ" ಎಂದು ಐವತ್ತನ್ನೇ ಕೊಟ್ಟು ಕಳಿಸಿದಳು.

ಮರುದಿನ ಬೆಳಿಗ್ಗೆ ಮೇಷ್ಟ್ರ ತಲೆ ಓಡಿತು. ಪಾಠದ ನಡುವೆ ಎರಡು ಗಂಟೆಗೊಮ್ಮೆ ಯಾರು ಹಚ್ಚುತ್ತಾ ಕೂರುತ್ತಾರೆ? ಎಂಟು ಗಂಟೆ ಬಿಸಿಲು, ನಾಲ್ಕು ಸಲ, ಸಲಕ್ಕೆ ಎರಡು ಬೆರಳು. ಒಟ್ಟು ಎಂಟು ಬೆರಳು! ಒಂದೇ ಸಲಕ್ಕೆ ಬಳಿದುಕೊಂಡರು.

ಹೆಂಡತಿ ಬಾಗಿಲಲ್ಲೇ ಬೆಚ್ಚಿದಳು. "ಮುಖ ಕಣ್ರೀ ಅದು, ಗೋಡೆಯಲ್ಲ!"

"ನಿನಗೆ ಲೆಕ್ಕ ಅರ್ಥವಾಗಲ್ಲ," ಎಂದು ಉಳಿದದ್ದನ್ನು ಕೈಗೆ ಸವರಿಕೊಳ್ಳುತ್ತಾ ಮೇಷ್ಟ್ರು ಹೊರಟೇಬಿಟ್ಟರು.

ಅಂದಿನ ಮೊದಲ ಪಾಠ ಶಾಲೆಯ ನಿವೃತ್ತ ಹೆಡ್‌ಮಿಸ್ ಒಬ್ಬರದು. ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ನಪಾಸಾಗಿದ್ದ ಆಕೆಗೆ ಸ್ಟಿಯರಿಂಗ್ ಹಿಡಿದರೆ ಕೈ ನಡುಗುತ್ತಿತ್ತು. ಮೊದಲ ತಿರುವಿನಲ್ಲಿ ಪಕ್ಕಕ್ಕೆ ನೋಡಿದರು. ಮೇಷ್ಟ್ರ ಮುಖ ಸುಣ್ಣ!

"ಮೇಷ್ಟ್ರೇ, ನಾನು ಅಷ್ಟು ಕೆಟ್ಟದಾಗಿ ಓಡಿಸ್ತಿದೀನಾ?"

"ಛೇ ಛೇ, ಮುಂದೆ ನೋಡಿ!"

ಅಷ್ಟರಲ್ಲಿ ಹಣೆ ಬೆವರಿತು. ಎಂಟು ಬೆರಳೂ ಕರಗಿ ಕಣ್ಣಿಗಿಳಿದವು. ಉರಿಯೋ ಉರಿ! ಕೈಯಿಂದ ಒರೆಸಿಕೊಂಡರು, ಕೈಯಲ್ಲೂ ಅದೇ ಇತ್ತಲ್ಲ! ಕಣ್ಣು ಮುಚ್ಚಿದವು, ನೀರು ಧಾರಾಕಾರ ಸುರಿಯಿತು, ಮಾತು ನಿಂತಿತು. ತಮ್ಮ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟು, ಏನಾಗುವುದೋ ಎಂದು ಉಸಿರು ಬಿಗಿಹಿಡಿದು ಕೂತರು.

"ಅಯ್ಯೋ, ಹೃದಯಾಘಾತ!" ಎಂದರು ಹೆಡ್‌ಮಿಸ್. ಮೇಷ್ಟ್ರಿಗೆ ಆಮೇಲೆ ಕೇಳಿದ್ದು ಗೇರು ಬದಲಾದ ಮೆತ್ತನೆಯ ಸದ್ದು ಮಾತ್ರ. ಕಾರು ಜರ್ಕಿಲ್ಲದೆ ಓಡಿತು, ತಿರುಗಿತು, ನಿಂತಿತು, ಹಿಂದಕ್ಕೆ ಸರಿದು ಆಸ್ಪತ್ರೆಯೆದುರು ಎರಡು ವಾಹನಗಳ ನಡುವೆ ಒಂದು ಗೀರೂ ಇಲ್ಲದೆ ಕೂತಿತು.

ಒಳಗೆ ನರ್ಸು ಒರೆಸಿದ್ದೇ ಒರೆಸಿದ್ದು. "ಡಾಕ್ಟ್ರೇ, ಹತ್ತಿ ಮುಗೀತು. ಮುಖ ಇನ್ನೂ ಸಿಕ್ಕಿಲ್ಲ!"

ಹೃದಯ ನೆಟ್ಟಗಿದೆ ಎಂದು ಡಾಕ್ಟರು ಕಣ್ಣು ತೊಳೆಸಿ ಕೂರಿಸುವಷ್ಟರಲ್ಲಿ ಸುದ್ದಿ ತಿಳಿದು ಹೆಂಡತಿ ಓಡಿಬಂದಳು. "ಯಾರಮ್ಮಾ ಇವರನ್ನ ಕರ್ಕೊಂಡು ಬಂದಿದ್ದು?"

"ನಾನೇ ಓಡಿಸ್ಕೊಂಡು ಬಂದೆ," ಎಂದರು ಹೆಡ್‌ಮಿಸ್. ಅವರ ಕೈ ಒಂಚೂರೂ ನಡುಗುತ್ತಿರಲಿಲ್ಲ.

ಮೇಷ್ಟ್ರು ಕೆಂಪು ಕಣ್ಣಲ್ಲೇ ಎದೆಯುಬ್ಬಿಸಿದರು. "ನೋಡಿದ್ಯಾ! ನಾಲ್ಕು ತಿಂಗಳು ಕಲಿಸಿದ್ದು ಸಾರ್ಥಕ ಆಯ್ತು!"

"ಕಲಿಸಿದ್ದಕ್ಕಲ್ಲ ಮೇಷ್ಟ್ರೇ," ಎಂದು ಹೆಡ್‌ಮಿಸ್ ಮೆಲ್ಲಗೆ ಹೇಳಿದರು. "ನೀವು 'ಕ್ಲಚ್ಚು! ಬ್ರೇಕು! ಅಯ್ಯಯ್ಯೋ!' ಅಂತ ಕೂಗ್ತಿದ್ರೆ ನನಗೆ ಕೈಕಾಲೇ ಆಡ್ತಿರಲಿಲ್ಲ. ಇವತ್ತು ಕಣ್ಣು ಬಾಯಿ ಎರಡೂ ಮುಚ್ಕೊಂಡಿದ್ರಿ, ಗಾಡಿ ಹೂವಿನ ಹಾಗೆ ಹೋಯ್ತು. ಸೋಮವಾರ ನನ್ನ ಪರೀಕ್ಷೆ. ಅಲ್ಲಿವರೆಗೆ ದಯವಿಟ್ಟು ದಿನಾ ಹೀಗೇ ಹಚ್ಕೊಂಡು ಬನ್ನಿ!"