ಕೆಸರು ಉಣ್ಣುವ ಸೈಕಲ್ಲು

ಸೈಕಲ್ಲಿನ ಮಡ್‌ಗಾರ್ಡ್ ಮೇಲೆ ಒಂದು ಚಮಚ ಕೆಸರು ಸುರಿದು ಬಸಲಿಂಗವ್ವ ಸೊಸೆಯ ಮುಖ ನೋಡಿದರು. ಕ್ಯಾರಿಯರ್ ಕೆಳಗೆ ಅವರೇ ಮಾಡಿ ಕಟ್ಟಿದ್ದ ತಗಡಿನ ಡಬ್ಬಿ ಗುರ್ ಎಂದಿತು. ಕೆಸರು ಮಾಯವಾಯಿತು. ಅಲ್ಲಿ ಕಿತ್ತುಹೋಗಿದ್ದ ಬಣ್ಣವೂ ತುಂಬಿಕೊಂಡಿತು!

"ಕೆಸರು ಉಂಡು ಸೈಕಲ್ ಸ್ವಚ್ಛ ಮಾಡತೈತಿ, ಅದಕ್ಕ ಏನು ಕಡಿಮಿ ಐತಿ ಅದನ್ನೂ ಮಾಡಿ ಹಚ್ಚತೈತಿ," ಎಂದರು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಈ ಅತ್ತೆಯ ಬಗ್ಗೆ ಸುವರ್ಣಾಗೆ ಬಹಳ ಹೆಮ್ಮೆ, ಹೆಮ್ಮೆಯಷ್ಟೇ ಭಯ. ಹ್ಯಾಂಡಲ್ಲಿನ ಮೇಲೆ ಹೊಸದಾಗಿ ಮೂಡಿದ ಮೂರು ಬಿಳಿ ಗೆರೆಗಳನ್ನು ತೋರಿಸಿದಳು. ಸಾಬೂನಿನ ಕಲೆ ಇರಬೇಕೆಂದು ಅತ್ತೆ ಸೆರಗಿನಿಂದ ಒರೆಸಿಬಿಟ್ಟರು.

"ಸ್ವಚ್ಛ ಅಂದ್ರೇನಂತ ಅದಕ್ಕ ಹೆಂಗ ಗೊತ್ತು, ಅತ್ತಿ?"

"ಫೋಟೋ ತೋರಿಸೇನಿ. ನಡಿ, ಹೊತ್ತಾತು."

ಸುವರ್ಣಾ ಕಾಲೇಜಿನ ಗ್ರಂಥಪಾಲಕಿ. ಇನ್ನೊಮ್ಮೆ ಸೈಕಲ್ಲು ಪೋರ್ಟಿಕೋದಲ್ಲಿ ಕೆಸರು ಉದುರಿಸಿದರೆ ಅದರ ಜಾಗ ಗೇಟಿನ ಹೊರಗೆ ಎಂದು ಪ್ರಿನ್ಸಿಪಾಲ್ ಹಿರೇಗೌಡರು ನಿನ್ನೆ ಕಡ್ಡಿ ಮುರಿದಂತೆ ಹೇಳಿದ್ದರು. ಗೇಟಿನ ಹೊರಗಿಟ್ಟ ಹಳೆಯ ಸೈಕಲ್ಲು ಕಳವಾದ ಮೇಲೆಯೇ ಅವಳು ಇದನ್ನು ಕೊಂಡಿದ್ದಳು.

ಧಾರವಾಡದ ಜಿಟಿಜಿಟಿ ಮಳೆ ಹಿಡಿದೇ ಇತ್ತು. ಮೊದಲ ಹೊಂಡ ದಾಟುತ್ತಲೇ ಸೈಕಲ್ಲು ಫಳಫಳ ಹೊಳೆಯಿತು. ಮೂರು ಗೆರೆ ಮತ್ತೆ ಬಂದವು. ಈ ಸಲ ನಡುವೆ ಕುಂಕುಮ. ಮುಂದಿನ ಹೊಂಡಕ್ಕೆ ಚೆಂಡುಹೂವಿನ ಮಾಲೆ. ಲಾರಿಯೊಂದು ಕೆಸರು ಎರಚಿ ಹೋದದ್ದೇ ತಡ, ಹ್ಯಾಂಡಲ್ಲಿನ ಎರಡೂ ಕಡೆ ಪುಟ್ಟ ಬಾಳೆಗಿಡಗಳು ಎದ್ದು ನಿಂತವು! ಮುಂದಿನ ಚಕ್ರದಡಿ ಒಂದು ಲಿಂಬೆಹಣ್ಣು ಉರುಳಿ ಪಚಕ್ಕೆಂದಿತು.

ಅಂಗಡಿಯೊಂದರ ಮುಂದೆ ನಿಂತು ಅವಳು ಫೋನ್ ಮಾಡಿದಳು. "ಅತ್ತಿ, ಯಾವ ಫೋಟೋ ತೋರಿಸೀರಿ?"

"ಆಯುಧಪೂಜೀದು. ವರ್ಷದಾಗ ನಿನ್ನ ಸೈಕಲ್ ಸ್ವಚ್ಛ ಇರೋದು ಅದೊಂದ ದಿನ ಅಲ್ಲೇನು?"

ನಿಲ್ಲಿಸುವುದು ಹೇಗೆಂದು ಸುವರ್ಣಾ ಕೇಳಿದಳು. ಕೆಸರು ಮುಗಿದರೆ ತಾನೇ ನಿಲ್ಲುತ್ತದೆ ಎಂದರು ಅತ್ತೆ. ಅವಳು ಮುಂದಿದ್ದ ರಸ್ತೆಯನ್ನು ನೋಡಿ ಫೋನ್ ಇಟ್ಟಳು.

ಕಾಲೇಜು ಮುಟ್ಟುವ ಹೊತ್ತಿಗೆ ಮಾಲೆಗಳು ಅವಳ ಮೊಣಕಾಲು ಮುಚ್ಚಿದ್ದವು. ಹುಡುಗರು ಕೈ ಮುಗಿದು ದಾರಿ ಬಿಟ್ಟರು. ಆಗಷ್ಟೇ ಕಾರಿನಿಂದ ಹೊಂಡಕ್ಕೇ ಕಾಲಿಟ್ಟಿದ್ದ ಹಿರೇಗೌಡರು ಮೊಣಕಾಲತನಕ ಕೆಸರಾಗಿ ಪೋರ್ಟಿಕೋದಲ್ಲಿ ನಿಂತಿದ್ದರು. ಸೈಕಲ್ಲಿನಿಂದ ಒಂದು ಹನಿ ಕೆಸರೂ ಉದುರಲಿಲ್ಲ. ನಂಬಿಕೆಯಾಗದೆ ಅವರು ಬಗ್ಗಿ ನೋಡಿದರು.

ಡಬ್ಬಿ ಗುರ್ ಎಂದಿತು. ಸುವರ್ಣಾ ಕಣ್ಣು ಮುಚ್ಚಿಕೊಂಡಳು.

ಕಣ್ಣು ಬಿಟ್ಟಾಗ ಅವರ ಪ್ಯಾಂಟು ಇಸ್ತ್ರಿಯಿಂದ ಈಗ ಎದ್ದಂತಿತ್ತು. ಹಣೆಯ ಮೇಲೆ ವಿಭೂತಿ, ಕುಂಕುಮ. ಕೊರಳಲ್ಲಿ ದಪ್ಪ ಮಾಲೆ. ಒಂದೊಂದು ಬೂಟಿನ ಮುಂದೆ ಒಂದೊಂದು ಲಿಂಬೆಹಣ್ಣು!

ಹಿರೇಗೌಡರು ಬಹಳ ಹೊತ್ತು ಮಾಲೆ ಮುಟ್ಟಿ ನೋಡಿದರು. "ಈ ಕಾಲೇಜಿಗೆ ಬಂದವರಿಗೆಲ್ಲಾ ನಾನ ಮಾಲಿ ಹಾಕೇನಿ, ಸುವರ್ಣಾ ಬಾಯಾರ. ನನಗ ಹಾಕಿದ್ದು ಇದ ಮೊದಲು," ಎಂದರು. ಸೈಕಲ್ಲು ಇನ್ನು ಮೇಲೆ ಒಳಗೇ ಇರಲಿ ಎಂದೂ ಹೇಳಿದರು. ಆದರೆ ನಿಂತಲ್ಲಿಂದ ಕದಲಲಿಲ್ಲ.

ಸುವರ್ಣಾ ಗಾಬರಿಯಿಂದ ಮತ್ತೆ ಫೋನ್ ಮಾಡಿದಳು. ಅತ್ತೆ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು.

"ಲಿಂಬಿಹಣ್ಣು ತುಳಿದು ಮುಂದ ಹೋಗ್ರಿ ಅಂತ ಹೇಳು," ಎಂದರು. "ಗಾಡಿ ಆದ್ರೇನು, ಪ್ರಿನ್ಸಿಪಾಲ್ ಆದ್ರೇನು, ಅಲ್ಲೀತನಕ ಪೂಜಿ ಮುಗಿಯಂಗಿಲ್ಲ."