ಕ್ಲಾಸನ್ನು ಹೊತ್ತುಕೊಂಡು ಹೋದ ಮಡಕಶಿರಾ ಬಸ್ಸು

ಪ್ರಯಾಣ ಮಾಡುವಾಗ ಪ್ರಯಾಣ ಮಾಡಬೇಕು, ದುಡಿಯುವಾಗ ದುಡಿಯಬೇಕು. ಎರಡನ್ನೂ ಒಂದೇ ಸೀಟಿನಲ್ಲಿ ಕೂರಿಸಬಾರದು. ಹೀಗೆಂದು ನಾನು ಗಟ್ಟಿಯಾಗಿ ನಂಬಿದವನು. ಆದರೆ ಶನಿವಾರ ಬೆಳಿಗ್ಗೆ ರಾಯದುರ್ಗ ಬಿಟ್ಟು ಮಡಕಶಿರಾಕ್ಕೆ ಹೊರಡುವ ಬಸ್ಸಿಗೆ ಇಂಥ ನಂಬಿಕೆಗಳೇನೂ ಇಲ್ಲ. ಅದನ್ನು ಹತ್ತಿ, ದಂಗಾಗದೆ ನಾನು ಇಳಿದ ದಿನವೇ ಇಲ್ಲ.

ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ಮಾಧ್ಯಮದಲ್ಲೇ ಪಾಠ ಮಾಡಿ ಶಾಲೆಯ ಕೆಲಸ ಬಿಟ್ಟವನು. ಈಗ ರಾಯದುರ್ಗದ ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತೇನೆ. ಹೆಂಡತಿ ಮಡಕಶಿರಾದ ಸರ್ಕಾರಿ ಶಾಲೆಯಲ್ಲಿ ಟೀಚರು. ವಾರದ ಕೊನೆಗೆ ನಾನು ಅತ್ತ ಹೋಗದಿದ್ದರೆ ಅವಳು ಇತ್ತ ಫೋನೂ ಮಾಡುವುದಿಲ್ಲ. ಆದ್ದರಿಂದ ಈ ಬಸ್ಸು ನನಗೆ ಅನಿವಾರ್ಯ.

ತೊಡೆಯ ಮೇಲಿನ ಕಾರ್ಖಾನೆ

ಮೊದಲ ಶನಿವಾರವೇ ಪಕ್ಕದ ಸೀಟಿಗೆ ಒಬ್ಬ ಹೆಂಗಸು ಬಂದು ಕೂತರು. ಅವರ ಜೊತೆ ಒಂದು ಗಂಟು. ನಮ್ಮೂರಿನ ಮನೆಮನೆಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಾರೆ. ಹೊಲಿದ ಮೇಲೆ ಅಲ್ಲಲ್ಲಿ ಇಣುಕುವ ದಾರದ ಎಳೆಗಳನ್ನು ಕತ್ತರಿಸಬೇಕು. ಇವರು ಆ ಕೆಲಸವನ್ನು ದಾರಿಯಲ್ಲೇ ಮುಗಿಸಿ, ಮಡಕಶಿರಾದ ಅಂಗಡಿಗೆ ಮಾಲು ಕೊಡುವವರು. ಹೆಂಗಸರಿಗೆ ಈಗ ಬಸ್ಸು ಉಚಿತ. ಆಧಾರ್ ಕಾರ್ಡು ತೋರಿಸಿದರೆ ಕಾರ್ಖಾನೆಗೆ ಬಾಡಿಗೆಯೂ ಇಲ್ಲ, ಕರೆಂಟ್ ಬಿಲ್ಲೂ ಇಲ್ಲ.

ನಾನು ಪೇಪರ್ ಓದಿ ಮಡಿಸಿಟ್ಟೆ. ಅಷ್ಟಕ್ಕೇ ಕಾದಿದ್ದವರಂತೆ ಅವರು ಮೂರು ಪ್ಯಾಂಟುಗಳನ್ನು ನನ್ನ ತೊಡೆಯ ಮೇಲೆ ಹಾಕಿ, ಮೇಲೊಂದು ಪುಟ್ಟ ಕತ್ತರಿ ಇಟ್ಟರು.

“ಏನಮ್ಮಾ ಇದು?”

“ಸುಮ್ನ ಕುಂತೀರಲ್ರಿ ಸರ. ಎಳಿ ಕತ್ತರಸ್ರಿ. ಟೈಮ್ ಹೋಗ್ತೈತಿ.”

ಗಂಡಸೊಬ್ಬನಿಗೆ, ಅದೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದವನಿಗೆ! ನಾನು ಬೆನ್ನು ನೆಟ್ಟಗೆ ಮಾಡಿ ಹೇಳಿದೆ: “ನಾನು ಇಂಗ್ಲಿಷ್‌ನಲ್ಲಿ ಎಂ.ಎ. ಮಾಡಿದ್ದೇನೆ.”

ಆಕೆ ನನ್ನನ್ನು ಬಹಳ ಕನಿಕರದಿಂದ ನೋಡಿದರು. “ಇರ್ಲಿ ಬಿಡ್ರಿ ಸರ, ಕಲಸ್ಕೊಡ್ತೀನಿ.”

ಟವೆಲಿನ ಕೆಳಗೆ ನನ್ನ ಕೈ

ಕುರಿ ದಲ್ಲಾಳಿಗಳ ವ್ಯಾಪಾರ ನೋಡಿದವರಿಗೆ ಗೊತ್ತು. ಅವರು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ ಎರಡೂ ಟವೆಲಿನ ಕೆಳಗೆ ಹೋಗುತ್ತವೆ. ಒಬ್ಬನ ಬೆರಳುಗಳನ್ನು ಇನ್ನೊಬ್ಬ ಹಿಡಿಯುತ್ತಾನೆ. ಎಷ್ಟು ಬೆರಳೋ ಅಷ್ಟು ಬೆಲೆ. ಸುತ್ತ ನಿಂತವರಿಗೆ ಏನೂ ತಿಳಿಯದು.

ಇದನ್ನು ಬಸ್ಸಿನಲ್ಲೂ ಮಾಡುತ್ತಾರೆಂದು ನನಗೆ ತಿಳಿದಿರಲಿಲ್ಲ. ಒಂದು ಶನಿವಾರ ಜೀನ್ಸ್ ಅಕ್ಕನಿಗೆ ಮುಂದೆ ಸೀಟು ಸಿಕ್ಕಿತ್ತು. ನಾನು ಮೂರು ಜನರ ಸೀಟಿನ ನಡುವೆ ಕೂತಿದ್ದೆ. ಕಿಟಕಿಯ ಕಡೆ ಗುಡಿಬಂಡೆಯ ದಲ್ಲಾಳಿ. ಈ ಕಡೆ ಬೆಳುಗುಪ್ಪದಿಂದ ಬಂದ ಒಬ್ಬ ಗಿರಾಕಿ. ಇಬ್ಬರೂ ಹವಾಮಾನ ಮಾತಾಡುತ್ತಿದ್ದರು. ನನಗೆ ಸ್ವಲ್ಪ ತೂಕಡಿಕೆ ಬಂತು.

ಇದ್ದಕ್ಕಿದ್ದಂತೆ ಯಾರೋ ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಹಿಸುಕತೊಡಗಿದರು. ಕಣ್ಣು ಬಿಟ್ಟರೆ ನನ್ನ ಮಡಿಲ ಮೇಲೆ ಟವೆಲು! ಐವತ್ತು ದಾಟಿದ ನನ್ನ ಕೈಯನ್ನು ಬಸ್ಸಿನಲ್ಲಿ ಪರಪುರುಷನೊಬ್ಬ ಟವೆಲು ಮುಚ್ಚಿ ಹಿಡಿದಿದ್ದಾನೆ. ನಾನು ಗಾಬರಿಯಿಂದ ಕೈ ಕೊಡವಿದೆ. ಕೊಡವುವಾಗ ನಾಲ್ಕು ಬೆರಳು ಅವನ ಮುಷ್ಟಿಯಲ್ಲಿ ಉಳಿದವು.

“ಆಯ್ತು ಬುಡಿ, ಮುಗೀತು!” ಎಂದು ದಲ್ಲಾಳಿ ಟವೆಲು ಎತ್ತಿ ಕೊಡವಿದ. ಆಮೇಲೆ ನನ್ನ ಮುಖ ನೋಡಿದ. “ಅಯ್ಯೋ, ನೀವಾ ಸಾಮಿ? ವ್ಯಾಪಾರ ಮಾಡಾಗ ಮಧ್ಯ ಕೈ ಮಡಗ್ತಾರಾ?”

“ನನಗೆ ಕುರಿ ಬೇಡ!”

“ಬೆರಳು ಕೊಟ್ಟ ಮ್ಯಾಲೆ ಬ್ಯಾಡ ಅನ್ನಂಗಿಲ್ಲ ಸಾಮಿ. ಒಳ್ಳೆ ಮರಿ, ತಗಂಡೋಗಿ.”

ಪಕ್ಕದ ಗಿರಾಕಿ ನನ್ನ ಮೇಲೆಯೇ ಸಿಟ್ಟಾದ. ಅವನಿಗೆ ಸಿಗಬೇಕಿದ್ದ ಮರಿಯನ್ನು ನಾನು ಹೆಚ್ಚು ಕೊಟ್ಟು ಹಾರಿಸಿಕೊಂಡೆನಂತೆ. ನಾನು ನ್ಯಾಯಕ್ಕಾಗಿ ಕಂಡಕ್ಟರನ್ನು ಕರೆದೆ. ರಾಯದುರ್ಗದ ಕಡೆಯ ಮನುಷ್ಯ, ನನ್ನನ್ನು ಬಲ್ಲವನು. ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡ. ಟಿಕೆಟ್ ಮೆಷಿನ್ ಕೈಗೆತ್ತಿಕೊಂಡ.

“ಅದೆಲ್ಲ ಇರ್ಲಿ ಸರ. ಕುರಿ ಎಲ್ಲಿ ಹತ್ತಸ್ತೀರಿ ಹೇಳ್ರಿ.”

ಇನ್ನು ನನ್ನ ಸರದಿ

ಇಂಥವರನ್ನೆಲ್ಲ ನೋಡಿ ಹುಬ್ಬು ಗಂಟಿಕ್ಕುತ್ತಿದ್ದ ನನಗೆ ಕಂಪನಿಯಿಂದ ಒಂದು ಮೇಲ್ ಬಂತು. ಸಂಜೆಯ ತರಗತಿ ಇನ್ನು ಮೇಲೆ ಶನಿವಾರ ಬೆಳಿಗ್ಗೆ. ಅಂದರೆ ಸರಿಯಾಗಿ ಬಸ್ಸಿನ ಹೊತ್ತು.

ನಾನು ಸುಳ್ಳು ಹೇಳುವವನಲ್ಲ. ಆ ಹೊತ್ತಿನಲ್ಲಿ ಬಸ್ಸಿನಲ್ಲಿರುತ್ತೇನೆ ಎಂದು ಬರೆದೆ. ಬೇರೆಯವರಿಗೆ ಕೊಟ್ಟುಬಿಡುತ್ತಾರೆ ಅಂದುಕೊಂಡಿದ್ದೆ. “ಬಸ್ಸಾದರೂ ಸರಿ” ಎಂದು ಉತ್ತರ ಬಂತು. ಕೆಳಗೊಂದು ಷರತ್ತು: “ನಿಮ್ಮ ತರಗತಿಯಲ್ಲಿ ವಿದ್ಯಾರ್ಥಿಗಳು ಮಾತಾಡುವುದೇ ಇಲ್ಲ ಎಂಬ ದೂರಿದೆ. ಒಂದು ದಿನ ನಮ್ಮ ಮೇಲ್ವಿಚಾರಕರು ಬಂದು ನೋಡುತ್ತಾರೆ. ಅಂದೂ ಮಾತಾಡದಿದ್ದರೆ ತರಗತಿಯನ್ನು ನಿಲ್ಲಿಸಬೇಕಾಗುತ್ತದೆ.”

ಇದು ನನಗೆ ದೊಡ್ಡ ಆಘಾತ. ನನ್ನ ವಿದ್ಯಾರ್ಥಿಗಳು ಮಾತಾಡುವುದಿಲ್ಲ, ನಿಜ. ತಪ್ಪು ಮಾತಾಡಿದರೆ ನಾನು ಅಲ್ಲೇ ತಡೆಯುತ್ತೇನೆ, ಅದೂ ನಿಜ. ಬಾಯಿ ಬಿಟ್ಟು ತಪ್ಪಾಡುವುದಕ್ಕಿಂತ ಸುಮ್ಮನಿದ್ದು ಸರಿಯಾಗಿರುವುದು ಮೇಲಲ್ಲವೇ? ಆದರೆ ಈ ತರಗತಿ ಹೋದರೆ ಮನೆಯಲ್ಲಿ ನಾನು ಮಾಡಲು ಬೇರೆ ಕೆಲಸವಿರಲಿಲ್ಲ. ಹೆಂಡತಿ ಆಗಲೇ ಫೋನಿನಲ್ಲಿ ಕೇಳಿದ್ದಳು: “ಅದೂ ವೋದ್ರೆ ಏನ್ಮಾಡ್ತೀರಾ? ಇಲ್ಬಂದು ನನ್ಗೆ ಇಂಗ್ಲಿಷ್‌ನಾಗೆ ತಪ್ಪು ಹುಡುಕ್ತಾ ಕುಂತ್ಕಂತೀರಾ?”

ಬಸ್ಸಿನಲ್ಲಿ ಫೋನನ್ನು ನೆಟ್ಟಗೆ ನಿಲ್ಲಿಸುವುದು ಹೇಗೆ? ಜೀನ್ಸ್ ಅಕ್ಕ ತಮ್ಮ ಗಂಟಿನಿಂದ ದಪ್ಪ ದಾರ ತೆಗೆದು, ಮುಂದಿನ ಸೀಟಿನ ಕಂಬಿಗೆ ಫೋನನ್ನು ಅಲ್ಲಾಡದಂತೆ ಬಿಗಿದು ಕಟ್ಟಿದರು. ಪಾಠ ನಡೆಯುತ್ತಿದ್ದರೆ ಪಕ್ಕದಲ್ಲಿ ಕೂತು ಎಳೆ ಕತ್ತರಿಸುತ್ತ ಕೇಳುತ್ತಿದ್ದರು. ಒಂದು ದಿನ ನಿಧಾನವಾಗಿ ಅಂದರು: “ಸರ, ಆ ಹುಡುಗಿ ಏನೋ ಹೇಳಾಕ ಬಂದಿದ್ಲು, ಬಾಯಿ ಮುಚ್ಚಿಸಿದ್ರಲ್ರಿ.”

“ಕ್ರಿಯಾಪದ ತಪ್ಪಿತ್ತು.”

“ನಮ್ಮತ್ತೀನೂ ಹಿಂಗs ಇದ್ಲುರಿ.”

ಮೇಲ್ವಿಚಾರಕಿ ಬಂದ ದಿನ

ಮೇಲ್ವಿಚಾರಕಿ ಬರಲಿದ್ದ ಶನಿವಾರದ ಪಾಠ, ಅಂಗಡಿಯಲ್ಲಿ ಚೌಕಾಸಿ ಮಾಡುವುದು. ಬಸ್ಸು ಕಲ್ಯಾಣದುರ್ಗದ ಸ್ಟ್ಯಾಂಡಿನಲ್ಲಿ ನಿಂತಿತು. ನಾನು ಮೊದಲೇ ಲೈನ್ ಜೋಡಿಸಿ ಇಟ್ಟೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಪರದೆಯ ಮೇಲೆ ಕಾಣಿಸಿಕೊಂಡರು. ತರಗತಿ ಶುರುವಾಗಲು ಇನ್ನೂ ಹೊತ್ತಿತ್ತು. ಗಂಟಲು ಒಣಗಿತ್ತು. ತರಗತಿಯ ಎದುರು ಚಹಾ ಕುಡಿಯುವುದು ಅಶಿಸ್ತು. ಆದ್ದರಿಂದ ಕೆಳಗಿಳಿದೆ.

“ಎಷ್ಟು ಹೊತ್ತು ನಿಲ್ಲುತ್ತದೆ?” ಎಂದು ಕಂಡಕ್ಟರನ್ನು ಕೇಳಿದೆ.

“ಹತ್ ನಿಮಿಷ ಸರ.”

ನಾನು ಗಡಿಯಾರ ನೋಡಿಕೊಂಡು ಕುಡಿದೆ. ಹತ್ತನೆಯ ನಿಮಿಷ ಮುಗಿಯುವ ಮೊದಲೇ ತಿರುಗಿ ಬಂದೆ. ಬಸ್ಸಿರಲಿಲ್ಲ! ನನ್ನ ಚೀಲ, ಫೋನು, ತರಗತಿ, ಮೇಲ್ವಿಚಾರಕಿ, ಎಲ್ಲವೂ ಮಡಕಶಿರಾದ ಕಡೆ ಹೊರಟುಹೋಗಿದ್ದವು. ನಾನು ಖಾಲಿ ಲೋಟ ಹಿಡಿದು ನಿಂತಿದ್ದೆ.

ಒಂದು ಆಟೋ ಹತ್ತಿದೆ. “ಆ ಬಸ್ಸನ್ನು ಹಿಡಿಯಬೇಕು.”

“ಯಾರ್ ಹೋದ್ರಿ ಸರ? ಮನ್ಯಾರಾ?”

“ನನ್ನ ಕ್ಲಾಸು.”

ಆಟೋದವನು ಹಿಂದಕ್ಕೆ ತಿರುಗಿ ನೋಡಿದ. “ಹುಡುಗ್ರು ಕ್ಲಾಸ್ ಬಿಟ್ಟು ಓಡಿದ್ದು ಕೇಳೀನ್ರಿ. ಕ್ಲಾಸೇ ಮಾಸ್ತರನ್ನ ಬಿಟ್ಟು ಓಡಿದ್ದು ಇದs ಮೊದ್ಲು.”

ಮುಂದಿನ ಹಳ್ಳಿಯಲ್ಲಿ ಬಸ್ಸು ಸಿಕ್ಕಿತು. ನುಗ್ಗಿ ಹತ್ತಿದೆ. ನನ್ನ ಸೀಟಿನ ಸುತ್ತ ಜನ ಗುಂಪುಗೂಡಿದ್ದರು. ಫೋನು ಕಾಣಲಿಲ್ಲ. ಅದಿದ್ದ ಜಾಗದಲ್ಲಿ ಗುಡಿಬಂಡೆಯ ದಲ್ಲಾಳಿಯ ಟವೆಲು! ಅದರ ಕೆಳಗಿನಿಂದ ನನ್ನ ಐವರು ವಿದ್ಯಾರ್ಥಿಗಳೂ ಇಂಗ್ಲಿಷಿನಲ್ಲಿ ಒಟ್ಟಿಗೆ ಕೂಗಾಡುತ್ತಿದ್ದರು.

“ಏನು ನಡೆಯುತ್ತಿದೆ ಇಲ್ಲಿ?”

“ಪ್ಯಾಂಟ್ ಬೇಕಂತ ಸರ ಅವ್ರಿಗೆ,” ಎಂದರು ಅಕ್ಕ. “ನೀವಿಲ್ಲ ಅಂತ ಹೇಳಾಕ ಹೋದೆ. ಕೈಯಾಗಿಂದು ಏನು ಅಂದ್ರು, ತೋರ್ಸಿದೆ. ನನಗ ತಿಳೀವಲ್ದು ಅಂತ ಮ್ಯಾಲಿಂದ ಮ್ಯಾಲೆ ಬಿಡಿಸಿ ಬಿಡಿಸಿ ಹೇಳಾಕ ಹತ್ಯಾರ್ರಿ. ನಾನೂ ನಿಮ್ಮ ಪಾಠದ್ದು ಒಂದು ಬಿಟ್ಟೆ, ವಾಟ್ ಈಸ್ ಯುವರ್ ಬೆಸ್ಟ್ ಪ್ರೈಸ್ ಅಂತ.”

“ಟವೆಲು ಯಾಕೆ?”

ದಲ್ಲಾಳಿ ನನ್ನನ್ನು ಏನೂ ತಿಳಿಯದವನಂತೆ ನೋಡಿದ. “ರೇಟು ಮಾತಾಡ್ತಾವ್ರೆ ಸಾಮಿ. ನಾಲ್ಕು ಜನದ ಮುಂದೆ ಬಿಟ್ಟು ಮಾತಾಡ್ತಾರಾ?”

ನಾನು ಟವೆಲು ಕಿತ್ತೆಸೆದೆ. ಪರದೆಯ ಮೂಲೆಯಲ್ಲಿ ಮೇಲ್ವಿಚಾರಕಿ ಕೂತಿದ್ದರು. ನನ್ನನ್ನು ಕಂಡದ್ದೇ ತಡ, ಐವರೂ ಒಟ್ಟಿಗೆ ಬಾಯಿ ಮುಚ್ಚಿಕೊಂಡರು. ನನ್ನ ತರಗತಿ ಮುಗಿಯಿತು ಅಂದುಕೊಂಡೆ.

“ಸರ್,” ಎಂದರು ಆಕೆ ಇಂಗ್ಲಿಷಿನಲ್ಲಿ, “ಇಷ್ಟು ಹೊತ್ತು ಇವರು ಒಂದು ಕ್ಷಣವೂ ನಿಲ್ಲಿಸದೆ ಮಾತಾಡಿದರು. ಶಿಕ್ಷಕ ಬೇಕೆಂದೇ ಪಕ್ಕಕ್ಕೆ ಸರಿದು ನಿಲ್ಲುವುದು! ನಾನು ಇಂಥ ಪದ್ಧತಿಯನ್ನು ನೋಡಿಯೇ ಇಲ್ಲ.”

ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಸತ್ಯ ಸತ್ಯವೇ. “ಕ್ಷಮಿಸಿ ಮೇಡಂ, ಇದು ಪದ್ಧತಿಯಲ್ಲ. ನಾನು ಚಹಾ ಕುಡಿಯುತ್ತಿದ್ದೆ. ಬಸ್ಸು ನನ್ನನ್ನು ಬಿಟ್ಟು ಬಂತು.”

ಆಕೆ ಏನೋ ಬರೆದುಕೊಂಡರು. “ಇರಲಿ, ತರಗತಿ ನಿಮ್ಮಲ್ಲೇ ಉಳಿಯುತ್ತದೆ. ಆದರೆ ದಯವಿಟ್ಟು ಪ್ರತಿ ವಾರವೂ ಚಹಾ ಕುಡಿಯಿರಿ.”

ನಾನು ಕಂಡಕ್ಟರನ ಕಡೆ ತಿರುಗಿದೆ. “ಹತ್ತು ನಿಮಿಷ ಅಂದವನು ನನ್ನನ್ನು ನೋಡದೆ ಹೇಗಯ್ಯಾ ಬಿಟ್ಟೆ?”

“ಫೋನ್ ಸೀಟ್‌ನಾಗs ಇತ್ತಲ್ರಿ ಸರ. ಫೋನ್ ಬಿಟ್ಟು ಮನಷಾ ಎಲ್ಲಿ ಹೋಗ್ತಾನ? ಅದಿರ್ಲಿ, ಆಯಮ್ಮ ಏನಂದ್ಲು?”

ಹೇಳಿದೆ. ಅವನ ಮುಖ ಅರಳಿತು.

“ಇಷ್ಟs ಏನ್ರಿ? ತಲಿ ಕೆಡಿಸ್ಕೋಬ್ಯಾಡ್ರಿ ಸರ, ವಾರಾ ವಾರಾ ನಾನs ಬಿಟ್ಟು ಹೋಗ್ತೀನಿ. ಟಿಕೆಟ್ ಮಾತ್ರ ಮಡಕಶಿರಾಕ್ಕs ತಗೋರಿ.”