ನೂರಾ ಎಂಬತ್ತೊಂದು ದಿನ ಮತ್ತು ಒಂದು ಬಾಳೆಗೊನೆ

ನಿಮ್ಮೂರು ಯಾವುದೆಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಏನಾದರೊಂದು ಫಜೀತಿ ಕಾದಿರುತ್ತದೆ. ನಾನು ಯಾವ ಕಂಪನಿಯ ನೌಕರಳೂ ಅಲ್ಲ. ಕರೆದವರ ವಿಮಾನ ಹಾರಿಸಿ, ಬಿಲ್ಲು ಕೊಟ್ಟು, ಮುಂದಿನ ಕರೆಗೆ ಕಾಯುವ ಪೈಲಟ್. ಇಂಥವಳು ತೆರಿಗೆಯ ಲೆಕ್ಕದಲ್ಲಿ ಯಾವ ದೇಶದವಳು? ಇದನ್ನು ಬಗೆಹರಿಸಿಕೊಳ್ಳಲು ಹೋಗಿ ಈ ವರ್ಷ ಆದದ್ದಿಷ್ಟು.

೧. ಸ್ವಂತ ಗಾಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿರುವ ಆಡಿಟರ್ ಕಚೇರಿಗೆ ಆಟೋ ಹಿಡಿದೆ. ಆಟೋ ಚಾಚಾ ಕನ್ನಡಿಯಲ್ಲೇ ವಿಚಾರಣೆ ಶುರು ಮಾಡಿದರು.

“ಏನ್ ಕೆಲಸ ಮಾಡ್ತೀರಿ ಬೇಟಿ?”

“ವಿಮಾನ ಹಾರಿಸ್ತೀನಿ ಚಾಚಾ.”

“ಮಾಷಾ ಅಲ್ಲಾ! ಸರ್ಕಾರಿ ನೌಕರಿನಾ?”

“ಅಲ್ರಿ. ಯಾರು ಕರೀತಾರ ಅವರ ಕಡಿ ಹೋಗ್ತೀನಿ.”

“ಅಂದ್ರ ನಮ್ಮಂಗೇ! ಗಾಡಿ ಸ್ವಂತದ್ದೇನು?”

“ಇಲ್ರಿ, ಅವರದೇ.”

ಚಾಚಾ ಹಿಂತಿರುಗಿ ಕನಿಕರದಿಂದ ನೋಡಿದರು. “ಫಿಕರ್ ಮಾಡಬ್ಯಾಡ್ರಿ. ನಾನೂ ಹತ್ತು ವರ್ಷ ಬ್ಯಾರೆಯವರ ಗಾಡಿನೇ ಹೊಡದೀನಿ.”

೨. ಕಾಲಂ ಇಲ್ಲದ್ದು

ಆಡಿಟರ್ ಸಾಹೇಬರದು ಒಂದೇ ಮಾತು. “ಕೊಲ್ಲಿ ದೇಶದಾಗ ನಿಮ್ದೊಂದು ಬಾಡಿಗಿ ರೂಮ್ ಅದಲ್ಲ ಮೇಡಂ, ಅಲ್ಲಿಯವರೇ ಆಗಿಬಿಡ್ರಿ. ಅಲ್ಲಿ ಆದಾಯ ತೆರಿಗಿನೇ ಇಲ್ಲ. ಇಲ್ಲಿ ವರ್ಷದಾಗ ನೂರಾ ಎಂಬತ್ತೆರಡು ದಿನ ತುಂಬಿಸಬ್ಯಾಡ್ರಿ, ಅಷ್ಟೇ. ಅಲ್ಲಿ ನಿಮ್ದು ಏನೇನದ?”

“ಒಂದು ಮಂಚ, ಒಂದು ಕೆಟಲ್.”

“ಇಲ್ಲಿ?”

“ಕಮಲಾಪುರದಾಗ ನಮ್ಮಕ್ಕ. ನನ್ನ ಹೆಸರು ಕೆತ್ತಿಸಿದ ಊಟದ ತಾಟು. ತಡ ಆಗಿ ಹೋದ್ರ ಬೈಯೋರು.”

ಅವರು ಫಾರಂ ತುಂಬ ಪೆನ್ನಿನ ತುದಿ ಆಡಿಸಿ ಹುಡುಕಿದರು. “ಬೈಯೋರಿಗೆ ಕಾಲಂ ಕೊಟ್ಟಿಲ್ರಿ.”

೩. ಆ ಒಂದು ದಿನ

ಕಮಲಾಪುರಕ್ಕೆ ಹೋಗಿ ಅಕ್ಕನಿಗೆ ಎಲ್ಲ ಬಿಡಿಸಿ ಹೇಳಿದೆ. ರೊಟ್ಟಿ ಬಡಿಯುವ ಕೈ ನಿಂತಿತು.

“ನೂರಾ ಎಂಬತ್ತೆರಡು ದಿನ ಇದ್ರ ನಮ್ಮಾಕಿ, ಒಂದು ದಿನ ಕಡಿಮಿ ಆದ್ರ ಪರದೇಶದಾಕಿ?”

“ತೆರಿಗಿ ಲೆಕ್ಕಕ್ಕ ಹಂಗೇ.”

“ಆ ಒಂದು ದಿನ ಯಾವುದು ಅಂತ ಹೇಳು. ನಿನ್ನ ಒಳಗಿಟ್ಟು ಬಾಗಿಲಿಗೆ ಕೀಲಿ ಹಾಕ್ತೀನಿ.”

ನಕ್ಕುಬಿಟ್ಟೆ. ಆ ದಿನವನ್ನು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಅವಳು ನಿಜಕ್ಕೂ ಹಾಕುತ್ತಿದ್ದಳು. ಎಲ್ಲಿ ಹಾಕದೆ ಬಿಡುತ್ತಾಳೋ ಎಂಬ ಹೆದರಿಕೆಯೂ ನನಗಿತ್ತು.

೪. ಇನ್ನೂ ಕಾಯಿ

ಅಕ್ಕನ ಮನೆಯಲ್ಲೊಂದು ಕಾನೂನುಂಟು. ನಾನು ಬಂದ ದಿನ ತೋಟದಿಂದ ಕೆಂಪು ಬಾಳೆಯ ಗೊನೆ ತಂದು ಪಡಸಾಲೆಯಲ್ಲಿ ತೂಗುಹಾಕುತ್ತಾಳೆ. ಅದು ಹಣ್ಣಾಗಿ, ನಾನು ತಿನ್ನುವವರೆಗೆ ಹೊರಡುವಂತಿಲ್ಲ. ಈ ಬಾಳೆ ಕಾಯಿದ್ದಾಗಲೂ ಕೆಂಪೇ. ಕಾಕ್‌ಪಿಟ್ಟಿನ ಮಾಪಕಗಳನ್ನೆಲ್ಲ ಒಂದೇ ನೋಟಕ್ಕೆ ಓದುವ ನನಗೆ ಅದರ ಬಣ್ಣ ಓದಲು ಇವತ್ತಿಗೂ ಬಂದಿಲ್ಲ. ತೀರ್ಪು ಅಕ್ಕನ ಹೆಬ್ಬೆರಳಿನದು.

ತೆರಿಗೆಯ ವರ್ಷ ಮುಗಿಯುವ ಮಾರ್ಚ್‌ನಲ್ಲಿ ನನ್ನ ನೂರಾ ಎಂಬತ್ತೊಂದನೆಯ ದಿನ ಬಂತು. ಬೆಳಿಗ್ಗೆ ಅಕ್ಕ ಗೊನೆ ಒತ್ತಿ, “ಇನ್ನೂ ಕಾಯಿ ಅದ” ಎಂದಳು. ಆಕೆ ಹಿತ್ತಲಿಗೆ ಹೋದಾಗ ನಾನೂ ಒತ್ತಿದೆ. ಬೆಣ್ಣೆ! ಎರಡು ದಿನದ ಹಿಂದೆಯೇ ಮಾಗಿರಬೇಕು. ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಸುಮ್ಮನೆ ಬಂದು ಕೂತೆ.

ಆಡಿಟರ್ ಫೋನ್ ಮೇಲೆ ಫೋನ್. “ಮೇಡಂ, ಇವತ್ತೇ ದೇಶ ಬಿಡಬೇಕ್ರಿ!”

“ಗೊನಿ ಹಣ್ಣಾಗಿಲ್ರಿ.”

ಅವರಿಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ತಾವೇ ಕಾರು ತಂದು, ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ಬಿಟ್ಟುಬರುತ್ತೇನೆಂದು ಪಡಸಾಲೆಯಲ್ಲಿ ನಿಂತರು. “ಎಲ್ಲದ ಆ ಗೊನಿ? ನಾನೇ ನೋಡ್ತೀನಿ.”

ಅಕ್ಕ ಮುಖ ಬಾಡಿಸಿಕೊಂಡು ಒಂದು ಹಣ್ಣು ಕಿತ್ತುಕೊಟ್ಟಳು. ಸಾಹೇಬರು ಸುಲಿದರು, ತಿಂದರು. ಎರಡನೆಯದು ತಾವೇ ಕಿತ್ತರು. ಮೂರನೆಯದು ಸುಲಿಯುತ್ತ ಅಕ್ಕನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನನ್ನ ಕಣ್ಣಲ್ಲಿ ಅವರಿಗೆ ಯಾವ ಕಾಲಂ ಕಂಡಿತೋ.

ಕಾರಿನ ಕೀಲಿ ಜೇಬಿಗಿಟ್ಟು, ಚಾಪೆಯ ಮೇಲೆ ಕೂತು, ತುಂಬಿದ ಬಾಯಲ್ಲೇ ತೀರ್ಪು ಕೊಟ್ಟರು:

“ಖರೇನೇ ಅದ ಮೇಡಂ. ಇನ್ನೂ ಕಾಯಿ!”